ಎಡದವಡೆಯವರು

ನಾನು ಚಿಕ್ಕವನಿದ್ದಾಗ ನಮ್ಮ ಮನೆಯಲ್ಲಿ ಊಟದ ಸಪ್ಪಳ ಎಡಗಡೆಯಿಂದ ಬರುತ್ತಿತ್ತು. ಅಪ್ಪ ಗರಿಗರಿ ಕಟಕ ರೊಟ್ಟಿಯ ಚೂರನ್ನು ಬಾಯಿಗಿಟ್ಟರೆ ಅವನ ಎಡಗೆನ್ನೆ ಉಬ್ಬುತ್ತಿತ್ತು. ಪಕ್ಕದಲ್ಲಿ ಕುಳಿತ ಅಕ್ಕ ಇಟ್ಟರೆ ಅವಳ ಎಡಗೆನ್ನೆಯೂ ಉಬ್ಬುತ್ತಿತ್ತು. ಎರಡೂ ಕೆನ್ನೆಗಳು ಒಂದೇ ತಾಳದಲ್ಲಿ ಏಳುತ್ತ ಇಳಿಯುತ್ತ ಇರುವುದನ್ನು ನಾನು ಎದುರಿಗೆ ಕುಳಿತು ನೋಡುತ್ತಿದ್ದೆ. ನನ್ನ ರೊಟ್ಟಿ ಮಾತ್ರ ಬಲಗಡೆಗೆ ಹೋಗುತ್ತಿತ್ತು. ನಾನಾಗಿ ಕಳಿಸುತ್ತಿರಲಿಲ್ಲ, ಅದೇ ಹೋಗುತ್ತಿತ್ತು. "ಅಪ್ಪಂದು ಮಗಳದು ಒಂದ ದವಡಿ ನೋಡ," ಎಂದು ಅವ್ವ ನಗುತ್ತ ಬದನೆಕಾಯಿ ಪಲ್ಯ ಬಡಿಸುತ್ತಿದ್ದಳು. ಆ ಮಾತು ಕಿವಿಗೆ ಬಿದ್ದೊಡನೆ ನನ್ನ ಬಾಯಲ್ಲಿದ್ದ ತುತ್ತಿನ ರುಚಿ ಹೋಗಿಬಿಡುತ್ತಿತ್ತು.

ಇದನ್ನು ಓದುವ ಮಕ್ಕಳು ನನ್ನನ್ನು ಕೋಲು ಹಿಡಿದ ಮುದುಕ ಎಂದುಕೊಳ್ಳಬಾರದು. ಅಕ್ಕ ನನಗಿಂತ ಒಂಬತ್ತು ವರ್ಷ ದೊಡ್ಡವಳು. ಅವಳ ಮಗಳಿಗೆ ಈಗ ಇಬ್ಬರು ಮಕ್ಕಳು. ಅಕ್ಕನನ್ನು ಅಜ್ಜಿ ಎನ್ನುವ ಅವರು ನನ್ನನ್ನು ಅಜ್ಜ ಎನ್ನುತ್ತಾರೆ. ಹೀಗಾಗಿ ತಲೆ ಅರ್ಧ ನರೆಯುವ ಮೊದಲೇ ನಾನು ಅಜ್ಜನಾಗಿದ್ದೇನೆ. ನಾನು ಹೇಳಲಿರುವುದು ಕೊಪ್ಪಳ ಹೊಸದಾಗಿ ಜಿಲ್ಲೆಯಾದ ಕಾಲದ ಮಾತು. ನಮ್ಮ ಮನೆ ಗಂಗಾವತಿಯಲ್ಲಿ, ಅಕ್ಕಿ ಗಿರಣಿಗಳ ಸಾಲಿನ ಹಿಂದೆ ಇತ್ತು. ಬೆಳಿಗ್ಗೆ ಎದ್ದರೆ ಹಗ್ಗದ ಮೇಲಿನ ಬಟ್ಟೆಗಳಿಗೆಲ್ಲ ತೌಡಿನ ಧೂಳು ಕೂತಿರುತ್ತಿತ್ತು, ಮೂಗಿಗೆ ಸುಟ್ಟ ಹೊಟ್ಟಿನ ವಾಸನೆ ಬರುತ್ತಿತ್ತು.

ಅಪ್ಪ ಒಂದು ಗಿರಣಿಗಾಗಿ ಭತ್ತ ನೋಡುವ ಕೆಲಸ ಮಾಡುತ್ತಿದ್ದ. ಸುಗ್ಗಿಯಲ್ಲಿ ಕಾಲುವೆ ಕೆಳಗಿನ ಊರುಗಳ ಕಣಗಳಿಗೆ ಮೊಪೆಡ್ ಮೇಲೆ ಹೋಗುತ್ತಿದ್ದ. ರಾಶಿಯ ಒಳಗೆ ಕೈ ತೂರಿಸಿ ಒಂದು ಹಿಡಿ ಭತ್ತ ತೆಗೆದು, ಅಂಗೈಗಳ ನಡುವೆ ತಿಕ್ಕಿ, ಊದಿ, ಸಿಪ್ಪೆ ಹಾರಿಸಿ, ಉಳಿದ ಅಕ್ಕಿಕಾಳನ್ನು ದವಡೆಹಲ್ಲಿನ ನಡುವೆ ಇಟ್ಟು ನಿಧಾನವಾಗಿ ಒತ್ತುತ್ತಿದ್ದ. ಒಣಗಿದ ಕಾಳು 'ಕಟ್' ಎನ್ನುತ್ತದೆ. ಹಸಿ ಕಾಳು ಏನೂ ಅನ್ನದೆ ಒಡೆಯುತ್ತದೆ. ಹಸಿ ಭತ್ತವನ್ನು ಲಾರಿಗೆ ತುಂಬಿದರೆ ಒಳಗೊಳಗೇ ಬಿಸಿಯಾಗಿ ಮುಗ್ಗುತ್ತದೆ. ತೀರ ಒಣಗಿದ್ದನ್ನು ಗಿರಣಿಗೆ ಹಾಕಿದರೆ ಬರೀ ನುಚ್ಚಾಗುತ್ತದೆ. ಇವೆರಡರ ನಡುವಿನದನ್ನು ಅಪ್ಪನ ಹಲ್ಲು ಹೇಳುತ್ತಿತ್ತು. ಈ ಕೆಲಸದವರಿಗೆ ಒಂದು ನೇಮವಿತ್ತು: ಯಾವಾಗಲೂ ಒಂದೇ ದವಡೆಯಲ್ಲಿ ಕಡಿಯಬೇಕು. ಇವತ್ತು ಈ ಕಡೆ, ನಾಳೆ ಆ ಕಡೆ ಕಡಿದರೆ ಹಲ್ಲಿಗೆ ನೆನಪು ನಿಲ್ಲುವುದಿಲ್ಲ ಎಂದು ಅಪ್ಪ ಹೇಳುತ್ತಿದ್ದ.

ಸಂಜೆ ಅಪ್ಪ ಕಣಗಳಿಂದ ಮಾದರಿ ಭತ್ತದ ಸಣ್ಣ ಗಂಟುಗಳನ್ನು ತರುತ್ತಿದ್ದ. ಕಟ್ಟೆಯ ಮೇಲೆ ಕುಳಿತು ಒಂದೊಂದನ್ನೇ ಬಿಚ್ಚಿ, ಅಕ್ಕನ ಅಂಗೈಗೆ ನಾಲ್ಕು ಕಾಳು ಹಾಕುತ್ತಿದ್ದ. "ನೋಡವಾ, ಏನಂತೈತಿ?" ಅಕ್ಕ ಕಣ್ಣು ಮುಚ್ಚಿ ಕಡಿಯುತ್ತಿದ್ದಳು. "ಇನ್ನೊಂದು ಬಿಸಲು ಬೇಕು," ಎನ್ನುತ್ತಿದ್ದಳು, ಅಥವಾ "ಛಲೋ ಐತಿ." ಅಪ್ಪ ತಾನೂ ಕಡಿದು ತಲೆಯಾಡಿಸುತ್ತಿದ್ದ. ಆಗ ಅವನ ಮುಖದಲ್ಲಿ ಮೂಡುತ್ತಿದ್ದ ಬೆಳಕು ನನ್ನ ಕಡೆ ತಿರುಗಿದ್ದನ್ನು ನಾನು ಕಂಡಿರಲಿಲ್ಲ. ನಾನು ಲೆಕ್ಕದಲ್ಲಿ ಮುಂದಿದ್ದೆ, ಓಟದಲ್ಲೂ ಮುಂದಿದ್ದೆ. ಅದಕ್ಕೆಲ್ಲ ಅವನು ಬೆನ್ನು ತಟ್ಟುತ್ತಿದ್ದ, ಅಷ್ಟೇ. ಆ ಬೆಳಕು ಭತ್ತದ ಕಾಳಿಗೆ ಮಾತ್ರ ಬರುತ್ತಿತ್ತು.

"ಅಪ್ಪಾ, ನಾನೂ ಕಡಿತೇನಿ," ಎಂದು ಒಮ್ಮೆ ಕೈ ಚಾಚಿದೆ.

"ನಿನ್ನ ಹಲ್ಲು ಇನ್ನ ಬೀಳಾಕ ಹತ್ಯಾವು. ಭತ್ತದ ಸಂಗಾಟ ಹಲ್ಲೂ ನುಂಗಿಬಿಟ್ಟೀ," ಎಂದು ಅಪ್ಪ ನಕ್ಕ. ಅಕ್ಕನೂ ನಕ್ಕಳು. ಅಪ್ಪ ನಕ್ಕಿದ್ದನ್ನು ಮರೆತೆ. ಅಕ್ಕ ನಕ್ಕಿದ್ದನ್ನು ಮರೆಯಲಿಲ್ಲ.

ಅಕ್ಕ ಎಡಗೈಯವಳು. ನಮ್ಮ ಕಡೆ ಅಂಥವರನ್ನು ರೊಡ್ಡಿ ಎನ್ನುತ್ತಾರೆ. ಬರೆಯುವುದು, ಕಸ ಹೊಡೆಯುವುದು, ರೊಟ್ಟಿ ಬಡಿಯುವುದು ಎಲ್ಲವೂ ಎಡಗೈಯಲ್ಲೇ. ಊಟವೊಂದು ಮಾತ್ರ ಬಲಗೈಯಲ್ಲಿ. ಅವಳು ಸಣ್ಣವಳಿದ್ದಾಗ ತಟ್ಟೆಗೆ ಎಡಗೈ ಹೋದರೆ ಸಾಕು, ಅವ್ವ ಸೌಟಿನ ಹಿಡಿಯಿಂದ ಮೆಲ್ಲಗೆ ಕುಟ್ಟುತ್ತಿದ್ದಳಂತೆ. "ಎಡಗೈಲಿ ಉಂಡ್ರ ಮಂದಿ ಏನಂದಾರು? ನಾಳೆ ಕೊಟ್ಟ ಮನ್ಯಾಗ ನನ್ನ ಹೆಸರು ಹೇಳ್ತಾರ," ಎನ್ನುತ್ತಿದ್ದಳು. ಅಕ್ಕ ಬಲಗೈ ಕಲಿತಳು. ಆದರೆ ಬಲಗೈಯಿಂದ ಇಟ್ಟ ತುತ್ತನ್ನೂ ನಾಲಿಗೆಯಿಂದ ಎಡಕ್ಕೇ ದೂಡುತ್ತಿದ್ದಳು. ಅದಕ್ಕೂ ಅವ್ವ ಏನೋ ಅಂದಾಗ, "ಕೈ ನೀ ಕಸ್ಕೊಂಡಿ. ದವಡಿ ನಂದ ಐತಿ ಬಿಡ ಯವ್ವಾ," ಎಂದಿದ್ದಳು. ಅಪ್ಪನಿಗೆ ಆ ಉತ್ತರ ಭಾಳ ಹಿಡಿಸಿತ್ತು. ಮನೆಗೆ ಬಂದವರಿಗೆಲ್ಲ ಹೇಳುತ್ತಿದ್ದ.

ಹೀಗೆ ಯೋಚಿಸುತ್ತ ಯೋಚಿಸುತ್ತ ನಾನು ಒಂದು ತೀರ್ಮಾನಕ್ಕೆ ಬಂದೆ. ಅಕ್ಕನ ಕೈ ಎಡ, ಆದ್ದರಿಂದ ದವಡೆ ಎಡ. ಅಪ್ಪನದೂ ಎಡದವಡೆ, ಆದ್ದರಿಂದ ಅವನಿಗೆ ಅಕ್ಕನೇ ಬೇಕು. ನನ್ನ ಕೈ ಬಲದ್ದು, ದವಡೆ ಬಲದ್ದು, ನಾನು ಹೊರಗಿನವನು. ನಮ್ಮ ಊರಿಗೆ ನೀರು ಬರುವುದು ಕೂಡ ತುಂಗಭದ್ರೆಯ ಎಡದಂಡೆ ಕಾಲುವೆಯಿಂದ. ಇಡೀ ಸೀಮೆಯೇ ಅಕ್ಕನ ಕಡೆ ಸೇರಿಕೊಂಡಂತೆ ನನಗೆ ಕಾಣುತ್ತಿತ್ತು.

ನಾನೂ ಎಡದವನಾಗಲು ಹೊರಟೆ. ಎಡಗೈಯಲ್ಲಿ ಹಲ್ಲು ತಿಕ್ಕಿದೆ, ಎಡಗೈಯಲ್ಲಿ ಗೋಲಿ ಹೊಡೆದೆ. ಊಟದಲ್ಲಿ ಎಡಗೈ ಬಳಸುವಂತಿರಲಿಲ್ಲ, ಆದ್ದರಿಂದ ತುತ್ತನ್ನಾದರೂ ಎಡಕ್ಕೆ ದೂಡಲು ಶುರುಮಾಡಿದೆ. ನಾಲಿಗೆ ದಾರಿ ತಪ್ಪಿ ಹಲ್ಲಿಗೆ ಸಿಕ್ಕಿತು. ಕೆನ್ನೆಯ ಒಳಗೆ ಗಾಯವಾಗಿ, ಅದರ ಮೇಲೆ ಮೆಣಸಿನ ಚಟ್ನಿ ಬಿದ್ದು ಕಣ್ಣಲ್ಲಿ ನೀರು ಬಂತು. ಕಬ್ಬಿನ ತುಂಡನ್ನು ಎಡಗಡೆ ಸಿಗಿಯಲು ಹೋಗಿ ವಸಡು ತರಚಿಕೊಂಡೆ.

ನನ್ನ ತೀರ್ಮಾನ ಸರಿಯೋ ಎಂದು ಕಂಡವರ ಕೈ ಮತ್ತು ಕೆನ್ನೆ ನೋಡುವ ಚಟವೂ ಹತ್ತಿತು. ನೋಡಿದಷ್ಟೂ ಲೆಕ್ಕ ಕೆಟ್ಟಿತು. ಗಿರಣಿಯ ಹಮಾಲನೊಬ್ಬ ಬಲಗೈಯವನು, ಎಲೆ ಅಡಿಕೆ ಎಡಗೆನ್ನೆಯಲ್ಲಿಟ್ಟು ಅಗಿಯುತ್ತಿದ್ದ. ಅವ್ವ ಒಂದು ತುತ್ತು ಆ ಕಡೆ, ಒಂದು ತುತ್ತು ಈ ಕಡೆ. ಹಿತ್ತಲಲ್ಲಿ ನಮ್ಮ ಎಮ್ಮೆ ಮಲಗಿ ಮೆಲುಕು ಹಾಕುವಾಗ ಅದರ ದವಡೆ ಒಂದೇ ಕಡೆಗೆ ಸರಿಯುವುದನ್ನು ಕಂಡೆ. ಅದಕ್ಕೆ ಕೈಯೇ ಇಲ್ಲವಲ್ಲ! ಓಡಿಬಂದು ಅವ್ವನನ್ನು ಕೇಳಿದೆ.

"ಎಮ್ಮಿಗೆ ಕೈ ಇದ್ದಿದ್ರ ನಾ ಯಾಕ ಕುಂದ್ರಬೇಕಿತ್ತಪಾ, ಅದ ಹಾಲು ಹಿಂಡಿಕೊಂಡು ಒಳಗ ತಂದಿಡ್ತಿತ್ತು," ಎಂದಳು ಅವ್ವ.

ದೀಪಾವಳಿ ಕಳೆದು ಸುಗ್ಗಿ ಜೋರಾಗಿತ್ತು. ಆ ಭಾನುವಾರ ಅಪ್ಪ ಅಕ್ಕನನ್ನು ಕಣಕ್ಕೇ ಕರೆದುಕೊಂಡು ಹೋಗುತ್ತೇನೆ ಎಂದ. ಅದು ಮೊದಲ ಸಲ. ಮೊಪೆಡ್ಡಿಗೆ ಹಿಂದೆ ಒಂದೇ ಸೀಟು. ಅಕ್ಕ ತಲೆ ಬಾಚಿಕೊಂಡು, ದುಪಟ್ಟಾ ಬಿಗಿದು ಆ ಸೀಟಿನ ಮೇಲೆ ಕುಳಿತಾಗಿತ್ತು. ನಾನು ಗಾಡಿಯ ಮುಂದಿನ ಗಾಲಿಗೆ ಅಡ್ಡ ನಿಂತೆ. ಅಪ್ಪ ಹಾರ್ನ್ ಒತ್ತಿದ. ನಾನು ಸರಿಯಲಿಲ್ಲ.

"ಬಾ, ಮುಂದ ನಿಂದ್ರು. ಹ್ಯಾಂಡಲ್ ಹಿಡದ್ರ ಇಳಿಸಿಬಿಡ್ತೇನಿ," ಎಂದ ಅಪ್ಪ.

ಅವನ ಮೊಣಕಾಲುಗಳ ನಡುವೆ ನಿಂತು ಹೊರಟೆ. ತಣ್ಣನೆಯ ಗಾಳಿ ಮುಖಕ್ಕೆ ಬಡಿಯುತ್ತಿತ್ತು. ಕಾಲುವೆಯ ನೀರಿನ ಮೇಲಿನ ಮಂಜು ಇನ್ನೂ ಕರಗಿರಲಿಲ್ಲ. ಊರು ದಾಟಿದ ಮೇಲೆ ಡಾಂಬರು ರಸ್ತೆಯ ಅರ್ಧಕ್ಕೆ ಭತ್ತ ಹರಡಿದ್ದರು. ಬಿಸಿಲಿಗೆ ಡಾಂಬರು ಕಾದು ಭತ್ತ ಬೇಗ ಒಣಗುತ್ತದೆ ಎಂದು ಆ ಕಡೆಯ ರೈತರೆಲ್ಲ ಹಾಗೆ ಮಾಡುತ್ತಿದ್ದರು. ಅಂಚಿಗೆ ಕಲ್ಲುಗಳನ್ನು ಸಾಲಾಗಿ ಇಟ್ಟು, ಹೆಂಗಸರು ಕಾಲಿನಿಂದ ಗೆರೆ ಎಳೆಯುತ್ತ ಭತ್ತವನ್ನು ತಿರುವುತ್ತಿದ್ದರು. ಅಪ್ಪ ಗಾಡಿಯನ್ನು ಉಳಿದರ್ಧದಲ್ಲಿ ನಿಧಾನವಾಗಿ ಬಿಡುತ್ತಿದ್ದ. ಹಿಂದಿನಿಂದ ಅಕ್ಕ ಏನೋ ಕೇಳುತ್ತಿದ್ದಳು, ಅಪ್ಪ ಉತ್ತರಿಸುತ್ತಿದ್ದ. ಮಾತುಗಳು ನನ್ನ ತಲೆಯ ಮೇಲಿನಿಂದ ಹೋಗುತ್ತಿದ್ದವು.

ನಾವು ಹೋದದ್ದು ಒಂದು ಕ್ಯಾಂಪಿಗೆ. ಕಾಲುವೆ ಬಂದಾಗ ಆಂಧ್ರದ ಕಡೆಯಿಂದ ಬಂದು ನೆಲೆಸಿದ ರೈತರ ಊರುಗಳನ್ನು ನಮ್ಮಲ್ಲಿ ಹಾಗೆ ಕರೆಯುತ್ತಾರೆ. ಕಣದ ಯಜಮಾನ ಬಿಳಿ ಪಂಚೆಯ, ದೊಡ್ಡ ದನಿಯ ಮನುಷ್ಯ. ರಾಶಿ ಅವನ ಎತ್ತರ ಮೀರಿ ನಿಂತಿತ್ತು. ಗಿರಣಿಯ ಲಾರಿಯೂ ಬಂದು ನಿಂತಿತ್ತು. ಹಮಾಲರು ಬೀಡಿ ಸೇದುತ್ತ ಅಪ್ಪನ ಒಂದು ಮಾತಿಗೆ ಕಾಯುತ್ತಿದ್ದರು. ಹುಲ್ಲಿನ ಬಣವೆಯಿಂದ ಹಸಿ ಹಸಿ ಸಿಹಿ ವಾಸನೆ ಬರುತ್ತಿತ್ತು.

ಮುಂದೆ ನಡೆದದ್ದನ್ನು ಕಂಡ ಹಾಗೇ ಹೇಳುತ್ತೇನೆ. ಅಪ್ಪ ರಾಶಿಯೊಳಗೆ ಮೊಣಕೈವರೆಗೆ ಕೈ ಹಾಕಿ ಒಂದು ಹಿಡಿ ತೆಗೆದ. ತಿಕ್ಕಿದ. ಊದಿದ. ಯಜಮಾನ ಏನೋ ಕೇಳಿದ್ದಕ್ಕೆ ಅವನ ಕಡೆ ತಿರುಗಿ ಉತ್ತರ ಹೇಳುತ್ತಲೇ, ಅಂಗೈಯನ್ನು ನೋಡದೆ, ಕಾಳನ್ನು ಬಾಯಿಗೆ ಹಾಕಿಕೊಂಡ. ಎಡದವಡೆ ಒತ್ತಿದ. ಆಗ ಬಂದದ್ದು ಕಾಳಿನ ಸಪ್ಪಳವಲ್ಲ, ಒಣ ಕಟ್ಟಿಗೆ ಮುರಿದಂಥ ಸಪ್ಪಳ. ಅಪ್ಪ ಕೂಗಲಿಲ್ಲ. ಎರಡೂ ಕೈಯಿಂದ ಮುಖ ಹಿಡಿದುಕೊಂಡು ಕುಳಿತುಬಿಟ್ಟ. ಬೆರಳುಗಳ ನಡುವಿನಿಂದ ರಕ್ತ ಬಂತು. ಭತ್ತದ ಮೇಲೆ ಬಿತ್ತು. ಬಂಗಾರದ ಬಣ್ಣದ ಕಾಳುಗಳ ಮೇಲೆ ಅದು ಎಷ್ಟು ಕೆಂಪಾಗಿತ್ತೆಂದರೆ, ನನಗೆ ಬೇರೇನೂ ಕಾಣಿಸಲಿಲ್ಲ. ಅಪ್ಪ ಉಗುಳಿದಾಗ ಅದರಲ್ಲಿ ರಸ್ತೆಯ ಕಪ್ಪು ಜಲ್ಲಿಯ ಚೂರೊಂದಿತ್ತು, ಅದರ ಪಕ್ಕದಲ್ಲಿ ಹಲ್ಲಿನ ಬಿಳಿ ಚೂರೊಂದಿತ್ತು. ರಸ್ತೆಯ ಮೇಲೆ ಒಣಗಿಸಿದ ಭತ್ತದಲ್ಲಿ ಕಲ್ಲು ಸೇರಿರುತ್ತದೆ ಎಂದು ಅಪ್ಪನಿಗೆ ಗೊತ್ತಿರಲಿಲ್ಲವೇ? ಅವನೇ ನಮಗೆ ಎಷ್ಟೋ ಸಲ ಹೇಳಿದ್ದ. ಒಂದು ಸಲ ನೋಡದೆ ಹಾಕಿಕೊಂಡ, ಅಷ್ಟೇ.

ಅಕ್ಕ ದುಪಟ್ಟಾದ ತುದಿ ಹರಿದು, ನೀರಲ್ಲಿ ಅದ್ದಿ, ಮಡಚಿ ಅಪ್ಪನ ಬಾಯಿಗಿಟ್ಟಳು. ಯಜಮಾನ ತಾನೇ ಓಡಿಹೋಗಿ ತಂಬಿಗೆ ತಂದ. ರಕ್ತ ಕಡಿಮೆಯಾಯಿತು. ಆದರೆ ಅಪ್ಪನಿಗೆ ಮಾತು ಬರುವಂತಿರಲಿಲ್ಲ. ಲಾರಿ ಅಲ್ಲೇ ನಿಂತಿತ್ತು. ಅಪ್ಪ ಅಕ್ಕನ ಕಡೆ ನೋಡಿ, ರಾಶಿಯ ಕಡೆ ಕೈ ತೋರಿಸಿದ.

ಅಕ್ಕ ಕೈ ಹಾಕಿದಳು. ಎಡಗೈ. ಕಾಳುಗಳನ್ನು ಒಂದೊಂದಾಗಿ ನೋಡಿ, ಎಡದವಡೆಗಿಟ್ಟು ಕಣ್ಣು ಮುಚ್ಚಿದಳು. ಮತ್ತೆ ಬೇರೆ ಕಡೆಯಿಂದ ತೆಗೆದು ಕಡಿದಳು. "ಮ್ಯಾಲಿಂದು ಒಣಗೈತ್ರಿ. ಒಳಗಿಂದು ಹಸಿ ಐತಿ. ಇವತ್ತು ತುಂಬೂದು ಬ್ಯಾಡ್ರಿ," ಎಂದಳು.

ಹಮಾಲರಲ್ಲಿ ಒಬ್ಬ ನಕ್ಕ. "ರೊಡ್ಡಿ ಕೈ, ರೊಡ್ಡಿ ಹಲ್ಲು! ಇಕಿ ಕಡದ್ರ ಛಲೋ ಭತ್ತನೂ ಎಡಕ್ಕ ಹೊಳ್ಳತೈತಿ."

"ಅಮ್ಮಾಯಿ," ಎಂದ ಯಜಮಾನ, ದನಿ ತಗ್ಗಿಸಿ, "ನಿಮ್ಮಪ್ಪ ಹೇಳಿದ್ರ ಒಪ್ಕೊಂತಿದ್ದೆ. ನಿನ್ನ ಮಾತಿಗೆ ಲಾರಿ ವಾಪಸ್ ಕಳಿಸ್ಲಾ? ಮಂದಿ ನಗ್ತಾರಮ್ಮಾ."

ಅಕ್ಕನ ಕಿವಿ ಕೆಂಪಾದವು. ಅವಳು ಅಪ್ಪನ ಕಡೆ ನೋಡಿದಳು. ಅಪ್ಪ ಬಾಯಿಯ ಬಟ್ಟೆ ಒತ್ತಿಹಿಡಿದು ತಲೆಯಾಡಿಸಿದ, ಅವಳು ಹೇಳಿದ್ದೇ ಸರಿ ಎಂಬಂತೆ. ಆದರೆ ಅವನು ಕಡಿದು ನೋಡಿರಲಿಲ್ಲವಲ್ಲ. ಯಜಮಾನ ಒಪ್ಪಲಿಲ್ಲ. ಸುತ್ತ ನೋಡಿದ ಅವನ ಕಣ್ಣು ನನ್ನ ಮೇಲೆ ನಿಂತಿತು.

"ಏ ತಮ್ಮಾ, ಬಾ ಇಲ್ಲಿ. ಬಂದಾಗಿಂದ ಅಕ್ಕನ್ನ ನೋಡಿ ಮಾರಿ ಊದಿಸ್ಕೊಂಡು ನಿಂತೀದಿ. ನೀನಂತೂ ಆಕೆ ಸಲುವಾಗಿ ಸುಳ್ಳು ಹೇಳೋದಿಲ್ಲ. ನೀ ಕಡ್ದು ಹೇಳು."

ನನ್ನ ಹೊಟ್ಟೆಕಿಚ್ಚು ಇಷ್ಟು ದೂರದ ಮನುಷ್ಯನಿಗೂ ಕಂಡಿತ್ತು. ನಾಚಿಕೆಯಾಯಿತು. ಅಪ್ಪ ನನ್ನನ್ನು ಹತ್ತಿರ ಕರೆದು, ತಾನೇ ರಾಶಿಯ ಒಳಗಿನ ಕಾಳುಗಳನ್ನು ತಿಕ್ಕಿ, ಊದಿ, ಕಲ್ಲಿದೆಯೇ ಎಂದು ಬೆರಳಿನಿಂದ ಸರಿಸಿ ನೋಡಿ, ನನ್ನ ಅಂಗೈಗೆ ಹಾಕಿದ. ಯಾವ ದಿನಕ್ಕಾಗಿ ನಾನು ಕೆನ್ನೆ ಕಚ್ಚಿಕೊಂಡಿದ್ದೆನೋ ಆ ದಿನ ಹೀಗೆ ಬಂದಿತ್ತು.

ಕಾಳನ್ನು ಎಡಗಡೆಗಿಟ್ಟು ಕಡಿದೆ. ಹಲ್ಲಿಗೆ ಏನೂ ಗೊತ್ತಾಗಲಿಲ್ಲ. ಇನ್ನೊಂದು ಕಡಿದೆ. ಅದು ಹಸಿಯೋ ಒಣಗಿದ್ದೋ ನನಗೆ ತಿಳಿಯಲಿಲ್ಲ. ನನ್ನ ಎಡದವಡೆ ಯಾರದೋ ಮನೆಯ ಅಂಗಳದಲ್ಲಿ ನಿಂತ ನೆಂಟನ ಹಾಗೆ ಸುಮ್ಮನಿತ್ತು. ಎಲ್ಲರೂ ನನ್ನ ಬಾಯಿಯನ್ನೇ ನೋಡುತ್ತಿದ್ದರು. 'ಒಣಗೈತ್ರಿ' ಎಂದು ಒಂದು ಮಾತು ಅಂದರೆ ಲಾರಿ ತುಂಬುತ್ತದೆ, ಅಕ್ಕ ಇನ್ನು ಯಾವ ಕಣಕ್ಕೂ ಬರುವುದಿಲ್ಲ, ಹಿಂದಿನ ಸೀಟು ನನ್ನದಾಗುತ್ತದೆ. ಆ ಮಾತು ನಾಲಿಗೆಯ ತುದಿಗೆ ಬಂದು ಕೂತಿತ್ತು.

ಅಪ್ಪ ನನ್ನ ಗದ್ದ ಹಿಡಿದ. ಅವನ ಬೆರಳಿಗೆ ರಕ್ತ ಒಣಗಿತ್ತು. ನನ್ನ ಬಲಗೆನ್ನೆಯನ್ನು ಮೆಲ್ಲಗೆ ತಟ್ಟಿದ. ಬಟ್ಟೆಯ ಹಿಂದಿನಿಂದ ತೊದಲು ದನಿ ಬಂತು: "ಈ ಕಡಿ. ನಿನ್ನ ಕಡಿ."

ನಾನು ಬಲದವನೆಂದು ಅಪ್ಪನಿಗೆ ಗೊತ್ತಿತ್ತು! ನಾನು ಅವನ ಕೆನ್ನೆ ನೋಡುತ್ತಿದ್ದ ಹಾಗೆ ಅವನೂ ಊಟದ ಹೊತ್ತಿನಲ್ಲಿ ನನ್ನ ಕೆನ್ನೆ ನೋಡಿದ್ದ.

ಕಾಳನ್ನು ಬಲಗಡೆಗಿಟ್ಟು ಒತ್ತಿದೆ. ಅದು ಮೆತ್ತಗೆ, ಸಪ್ಪಳವಿಲ್ಲದೆ, ಹಲ್ಲಿಗೆ ಸ್ವಲ್ಪ ಅಂಟಿ ಒಡೆಯಿತು. ಕುದಿ ಬಂದ ಹೊತ್ತಿಗೆ ಅವ್ವನ ಅನ್ನದ ಪಾತ್ರೆಯಿಂದ ಕದ್ದು ತಿಂದ ಅಕ್ಕಿಯ ಹಾಗೆ. ಮೇಲಿನ ಕಾಳು ಕೇಳಿ ಪಡೆದು ಕಡಿದೆ. ಅದು 'ಕಟ್' ಎಂದಿತು. ಸಂಶಯವೇ ಇರಲಿಲ್ಲ. ಸಂಶಯವಿದ್ದಿದ್ದರೆ ಚೆನ್ನಾಗಿತ್ತು ಎಂದು ಒಂದು ಗಳಿಗೆ ಅನ್ನಿಸಿತು.

"ಒಳಗಿಂದು ಹಸಿ ಐತ್ರಿ," ಎಂದೆ. "ಅಕ್ಕ ಹೇಳಿದ್ದು ಖರೆ."

ಯಜಮಾನ ನನ್ನನ್ನೂ ಅಕ್ಕನನ್ನೂ ನೋಡಿದ. ಆಮೇಲೆ ತಾನೇ ರಾಶಿಯೊಳಗೆ ತೋಳು ಪೂರ್ತಿ ತೂರಿಸಿ ಹಾಗೇ ನಿಂತ. ತೋಳು ಹೊರಗೆ ಬಂದಾಗ ಅಂಗೈಯನ್ನು ತನ್ನ ಕೆನ್ನೆಗೆ ಹಚ್ಚಿಕೊಂಡ. ರಾಶಿಯ ಹೊಟ್ಟೆ ಬಿಸಿಯಾಗತೊಡಗಿತ್ತು. "ಹರವ್ರೋ, ಇನ್ನೊಮ್ಮೆ ಹರವ್ರಿ," ಎಂದು ಆಳುಗಳಿಗೆ ಕೂಗಿದ. ನಕ್ಕಿದ್ದ ಹಮಾಲನ ಕೈಗೂ ಒಂದು ಸಲಿಕೆ ಕೊಟ್ಟ. ಲಾರಿ ಇನ್ನೊಂದು ಕಣಕ್ಕೆ ಹೋಯಿತು. ಯಜಮಾನನ ಹೆಂಡತಿ ಮಜ್ಜಿಗೆ ತಂದುಕೊಟ್ಟಳು. ಅಪ್ಪನಿಗೆ ಕುಡಿಯಲಾಗಲಿಲ್ಲ.

ಹೊರಡುವ ಮೊದಲು ಬೇವಿನ ಮರದ ಕೆಳಗೆ ಅಪ್ಪ ಬಾಯಿ ತೊಳೆದುಕೊಂಡ. ನಾನು ಹತ್ತಿರವೇ ಇದ್ದೆ. ಅವನ ಬಾಯಿಯ ಬಲಗಡೆ, ದವಡೆಹಲ್ಲು ಇರಬೇಕಾದಲ್ಲಿ ಬರಿಯ ವಸಡು ಕಂಡಿತು. ಹಳೆಯ, ನುಣ್ಣನೆಯ ತಗ್ಗು.

"ಈ ಕಡಿ ಹಲ್ಲು ಎಲ್ಲಿ ಹೋದ್ವು ಅಪ್ಪಾ?" ಎಂದೆ.

"ಇವೂ ಹಿಂಗ ಹೋದ್ವು. ಆಗ ನಿಮ್ಮಕ್ಕ ಇನ್ನೂ ಹುಟ್ಟಿದ್ದಿಲ್ಲ," ಎಂದ, ಒಂದೊಂದೇ ಮಾತು ಎತ್ತಿಡುತ್ತ. "ನಾನೂ ನಿನ್ನಂಗ ಬಲದಾವನ ಇದ್ದೆ. ಎಡಕ್ಕ ರೂಢಿ ಮಾಡ್ಕೊಳಾಕ ಒಂದು ಸುಗ್ಗಿ ಹೋತು. ಭಾಳ ತ್ರಾಸಾತು."

ಇಷ್ಟು ದಿನ ನಾನು ಆಸೆಪಟ್ಟಿದ್ದ ಎಡದವಡೆ ಅಪ್ಪನಿಗೆ ಹುಟ್ಟಿನಿಂದ ಬಂದದ್ದಲ್ಲ, ಬಲಗಡೆ ಹಲ್ಲಿಲ್ಲದ್ದಕ್ಕೆ ಬಂದದ್ದು. ಅವನ ಕೈ ಬಲದ್ದೇ ಎಂಬುದು ನನಗೆ ಮೊದಲಿನಿಂದಲೂ ಕಾಣುತ್ತಿತ್ತು. ನನ್ನ ಲೆಕ್ಕದಲ್ಲಿ ಅದನ್ನು ಸೇರಿಸಿಯೇ ಇರಲಿಲ್ಲ.

ಅಪ್ಪನಿಗೆ ತಲೆ ಸುತ್ತುತ್ತಿದ್ದುದರಿಂದ ಅಕ್ಕನೇ ಗಾಡಿ ಓಡಿಸಿದಳು. ಗಿರಣಿಯ ಅಂಗಳದಲ್ಲಿ ಅವಳು ಕಲಿತಿದ್ದಳು. ಅವಳ ಬೆನ್ನಿಗೂ ಅಪ್ಪನ ಎದೆಗೂ ನಡುವೆ ನಾನು ಸಿಕ್ಕಿಕೊಂಡೆ. ಅಪ್ಪ ತನ್ನ ಬಲಗೆನ್ನೆಯನ್ನು ನನ್ನ ತಲೆಯ ಮೇಲೆ ಊರಿ ಕಣ್ಣು ಮುಚ್ಚಿಕೊಂಡಿದ್ದ. ಅವನ ಉಸಿರಿನಲ್ಲಿ ರಕ್ತದ ವಾಸನೆ ಇತ್ತು. ನನಗೆ ಬೇಕಾಗಿದ್ದ ಜಾಗ ಇದೇ. ಸಿಕ್ಕಿತ್ತು. ಹೆದರಿಕೆಗೆ ಅಪ್ಪನ ಅಂಗಿಯನ್ನು ಬಿಗಿಯಾಗಿ ಹಿಡಿದಿದ್ದೆ. ಅಷ್ಟರಲ್ಲೂ ಅಕ್ಕ ಭತ್ತ ತುಳಿಯದೆ ಗಾಡಿಯನ್ನು ಎಷ್ಟು ಚೆನ್ನಾಗಿ ತಿರುಗಿಸುತ್ತಾಳೆ ಎಂದು ಹೊಟ್ಟೆಯೊಳಗೆ ಸಣ್ಣಗೆ ಉರಿಯಿತು.

ಆ ಸುಗ್ಗಿ ಮುಗಿಯುವವರೆಗೆ ಅಪ್ಪನ ಹಿಂದಿನ ಸೀಟಿನಲ್ಲಿ ಅಕ್ಕನೇ ಹೋದಳು. ನಾನು ಶಾಲೆಗೆ ಹೋದೆ. ಅಪ್ಪ ರೊಟ್ಟಿ ಬಿಟ್ಟು ಹಾಲು ಅನ್ನ ಉಣ್ಣತೊಡಗಿದ, ಮನೆಯಲ್ಲಿ ಎಡಗಡೆಯಿಂದ ಒಂದೇ ಸಪ್ಪಳ ಉಳಿಯಿತು. ಆದರೆ ಸಂಜೆ ಕಟ್ಟೆಯ ಮೇಲೆ ಗಂಟು ಬಿಚ್ಚಿದಾಗ ಅಪ್ಪ ಅಕ್ಕನ ಅಂಗೈಗೆ ನಾಲ್ಕು ಕಾಳು ಹಾಕಿ, ಆಮೇಲೆ ನನ್ನ ಕಡೆ ತಿರುಗುತ್ತಿದ್ದ. "ನಿನ್ನ ಕಡಿ ಏನಂತೈತೋ?" ಯಾವಾಗಲೂ ಅಕ್ಕನಾದ ಮೇಲೆ. ಮೊದಲು ನನಗೆ ಹಾಕಲಿ ಎಂದು ನಾನು ಕಾದದ್ದೇ ಬಂತು.

ಈಗ ಅಕ್ಕ ಕಾರಟಗಿಯ ಹತ್ತಿರ ಸ್ವಂತ ಗದ್ದೆಯಲ್ಲಿ ಭತ್ತ ಬೆಳೆಯುತ್ತಾಳೆ. ಸುಗ್ಗಿಯಲ್ಲಿ ಮೊಮ್ಮಕ್ಕಳು ಬರುತ್ತಾರೆ, ನಾನೂ ಹೋಗುತ್ತೇನೆ. ಗಿರಣಿಯಿಂದ ಬಂದವನು ಹಿಡಿ ಕಾಳನ್ನು ಪುಟ್ಟ ಯಂತ್ರಕ್ಕೆ ಸುರಿಯುತ್ತಾನೆ, ಗಾಜಿನ ಮೇಲೆ ಅಂಕಿ ಮೂಡುತ್ತದೆ, ಅವನು ಅದನ್ನು ಫೋನಿನಲ್ಲಿ ಫೋಟೊ ಹೊಡೆದು ಕಳಿಸುತ್ತಾನೆ. ಯಾರ ಹಲ್ಲೂ ಮುರಿಯುವುದಿಲ್ಲ. ಅದು ಒಳ್ಳೆಯದೇ. ಮೊಮ್ಮಕ್ಕಳಲ್ಲಿ ದೊಡ್ಡವಳು ಅಜ್ಜಿಯ ಹಾಗೆ ಎಡಗೈಯವಳು. ಅವಳು ಎಡಗೈಯಲ್ಲೇ ಚಮಚ ಹಿಡಿದು ಉಣ್ಣುತ್ತಾಳೆ. ಸೌಟು ಹಿಡಿದು ಯಾರೂ ಅವಳ ಕೈ ಕಾಯುವುದಿಲ್ಲ.

ಹೋದ ಸುಗ್ಗಿಯಲ್ಲಿ ಎಲ್ಲರೂ ಸಾಲಾಗಿ ಊಟಕ್ಕೆ ಕುಳಿತಿದ್ದೆವು. ಹಳೆಯ ಚಟ, ಕೆನ್ನೆಗಳನ್ನು ನೋಡಿದೆ. ಅಕ್ಕನ ಎಡಗೆನ್ನೆ ಮೊದಲಿನಂತೆಯೇ ಉಬ್ಬುತ್ತಿತ್ತು. ಆ ಹುಡುಗಿಯ ರೊಟ್ಟಿ ಚೂರು ಬಲಕ್ಕೆ ಹೋಯಿತು. ಮತ್ತೊಂದು ಚೂರು, ಅದೂ ಬಲಕ್ಕೆ. ನನಗೆ ಎಷ್ಟು ಹಿಗ್ಗಾಯಿತೆಂದರೆ ತಟ್ಟೆ ಬಿಟ್ಟು ಎದ್ದುಬಿಟ್ಟೆ.

"ಅಕ್ಕಾ, ಇಕಿ ಕೈ ನಿಂದು ಇರಬೌದು. ದವಡಿ ನಂದು ನೋಡ!"

"ಕುಂದ್ರೋ, ಉಣ್ಣು. ಅಜ್ಜ ಆದ್ರೂ ಬುದ್ಧಿ ಬರ್ಲಿಲ್ಲ," ಎಂದಳು ಅಕ್ಕ. ಆದರೆ ಅವಳೂ ಒಮ್ಮೆ ಬಗ್ಗಿ ಹುಡುಗಿಯ ಕೆನ್ನೆಯನ್ನು ನೋಡಿದಳು. ಮುಖ ಸ್ವಲ್ಪ ಚಿಕ್ಕದಾಯಿತು. ನಾನು ನೋಡಿದೆ.

ಊಟವಾದ ಮೇಲೆ ಆ ಹುಡುಗಿಯನ್ನು ರಾಶಿಯ ಬಳಿ ಕರೆದೊಯ್ದೆ. ಕಾಳನ್ನು ತಿಕ್ಕಿ, ಊದಿ, ಕಲ್ಲಿಲ್ಲವೆಂದು ಎರಡು ಸಲ ನೋಡಿ, ಅವಳ ಕೈಗೆ ಹಾಕಿದೆ. ಬಲಗಡೆ ಇಟ್ಟು ಕಡಿ, ಏನನ್ನುತ್ತದೆ ಕೇಳು ಎಂದೆ. ಮುಂದಿನ ಹಲ್ಲು ಬಿದ್ದ ಬಾಯಿಯನ್ನು ಓರೆ ಮಾಡಿ ಅವಳು ಕಡಿದಳು. 'ಕಟ್' ಎಂದಿತು. ಅವಳ ಕಣ್ಣು ಅರಳಿದವು. ಇನ್ನೊಂದು ಹಿಡಿ ತಿಕ್ಕಿಕೊಂಡು ನಾನು ಕಾಯುತ್ತಿದ್ದೆ. ಅವಳು ನನ್ನನ್ನು ದಾಟಿ ಓಡಿಹೋಗಿ, ಕಟ್ಟೆಯ ಮೇಲೆ ಕುಳಿತ ಅಕ್ಕನ ಮುಂದೆ ತನ್ನ ಎಡಗೈ ಚಾಚಿದಳು.

"ಅಜ್ಜೀ, ಇನ್ನೊಂದು ಕೊಡು. ನೀ ಕೊಡು."